ಡಯಾಮಾಕ್ಸ್ ಕೇಳಿಕೊಂಡು ಬರುವವರಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಾಸರಗೋಡಿನಿಂದ ಪತ್ರ ಬಂದರೆ ಒಳಗೆ ಏನಿದೆ ಅಂತ ನಿಮಗೆ ಲಕೋಟೆ ಒಡೆಯುವ ಮೊದಲೇ ಗೊತ್ತಾಗುತ್ತದೆ. ಕನ್ನಡ ಶಾಲೆಗೆ ಬಂದ ಕನ್ನಡ ಬಾರದ ಮಾಷ್ಟ್ರು, ಮಲಯಾಳದಲ್ಲಿ ಮಾತ್ರ ಸಿಗುವ ಅರ್ಜಿ, ಹೆದ್ದಾರಿ ಕೆಲಸದ ಕೆಸರು. ಅವೆಲ್ಲ ಎಲ್ಲೂ ಹೋಗಿಲ್ಲ, ಇನ್ನೊಮ್ಮೆ ಬರೆಯುತ್ತೇನೆ. ಇವತ್ತಿನದು ಹಿಮಾಲಯದ ವಿಷಯ. ಪೆರ್ಲದ ಹತ್ತಿರ ಮದ್ದಿನ ಅಂಗಡಿ ಇಟ್ಟುಕೊಂಡವನಿಗೆ ಹಿಮಾಲಯದ ಉಸಾಬರಿ ಯಾಕೆ ಅಂತ ಕೇಳಬಹುದು. ನನಗೂ ಹೆಂಡತಿ ಅದನ್ನೇ ಕೇಳುತ್ತಾಳೆ.

ಕಳೆದ ಭಾನುವಾರದ ಪುರವಣಿಯಲ್ಲಿ ಹಿಮಾಲಯದ ಎತ್ತರದ ಕಣಿವೆ ದಾರಿಗಳಿಗೆ ಹೊರಡುವವರ ತಯಾರಿ ಬಗ್ಗೆ ಲೇಖನ ಬಂದಿತ್ತು. ಯಾವ ಶೂ, ಎಷ್ಟು ಪದರ ಬಟ್ಟೆ, ಐದು ಕಿಲೋಮೀಟರ್ ಎಷ್ಟು ನಿಮಿಷದಲ್ಲಿ ಓಡಿ ಅಭ್ಯಾಸ ಮಾಡಬೇಕು, ಎಲ್ಲ ಚೆನ್ನಾಗಿಯೇ ಇತ್ತು. ಕೊನೆಯಲ್ಲಿ ಡಾಕ್ಟರ ಸರ್ಟಿಫಿಕೇಟನ್ನೂ, ಎತ್ತರದ ಜಾಗದ ಕಾಯಿಲೆ ಬಾರದಿರಲು ನುಂಗುವ ಡಯಾಮಾಕ್ಸ್ ಮಾತ್ರೆಯನ್ನೂ ಮರೆಯಬಾರದು ಅಂತ ಒಂದು ಸಾಲು. ಸೋಮವಾರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಇಬ್ಬರು ಹುಡುಗರು ಆ ಪುರವಣಿಯನ್ನೇ ಮಡಚಿ ಹಿಡಿದುಕೊಂಡು ನಿಂತಿದ್ದರು. ಆ ಒಂದು ಸಾಲಿನ ಬಗ್ಗೆ ಈ ಪತ್ರ.

ನನಗೆ ಈಗ 51 ವರ್ಷ. ಬೆಟ್ಟದ ಹುಚ್ಚು ಹಿಡಿದದ್ದು ತಡವಾಗಿ. ಮೊದಲು ಪೊಸಡಿ ಗುಂಪೆ, ಆಮೇಲೆ ರಾಣಿಪುರಂ, ಆಮೇಲೆ ಕುಮಾರ ಪರ್ವತ. ಇವೆಲ್ಲ ಕಾಲಿನ ಬೆಟ್ಟಗಳು. ಕುಮಾರ ಪರ್ವತ ಅಂದರೂ 1,712 ಮೀಟರ್. ಸುಸ್ತಾದರೆ ಕೂತು ಮಜ್ಜಿಗೆ ಕುಡಿದರೆ ಆಯಿತು, ಉಸಿರು ವಾಪಸು ಬರುತ್ತದೆ. ಹಿಮಾಲಯದಲ್ಲಿ ಕೂತರೂ ಉಸಿರು ಬರುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದಿದ್ದೆ, ಕಾಲೇಜಿನಲ್ಲಿ ಪರೀಕ್ಷೆಗೂ ಬರೆದಿದ್ದೆ. ಆದರೂ ನನಗೆ ಅರ್ಥವಾದದ್ದು 2022ರ ಆಗಸ್ಟಿನಲ್ಲಿ.

ಆ ವರ್ಷ ನಾವು ಹೊರಟದ್ದು ಪಿನ್ ಪಾರ್ವತಿ ದಾರಿಗೆ. ಹಿಮಾಚಲದ ಕುಲ್ಲು ಕಡೆಯ ಪಾರ್ವತಿ ಕಣಿವೆಯಿಂದ ಹೊರಟು, 5,319 ಮೀಟರ್ ಎತ್ತರದಲ್ಲಿ ಬೆಟ್ಟದ ಬೆನ್ನು ದಾಟಿ, ಸ್ಪಿತಿ ಕಡೆಯ ಪಿನ್ ಕಣಿವೆಗೆ ಇಳಿಯುವ ದಾರಿ. ಸ್ಪಿತಿಗೆ ಬೇರೆ ದಾರಿ ಇದೆಯಾ ಅಂತ ಹುಡುಕುತ್ತ 1884ರಲ್ಲಿ ಲೂಯಿ ಡೇನ್ ಎಂಬ ಬ್ರಿಟಿಷ್ ಅಧಿಕಾರಿ ದಾಟಿದ್ದು. ಈಚೆ ಕಡೆ ದೇವದಾರು, ಹುಲ್ಲುಗಾವಲು, ಮಳೆ. ಆಚೆ ಕಡೆ ಹುಲ್ಲೂ ಇಲ್ಲದ ಕಂದು ಗುಡ್ಡ. ಬರ್ಷೈಣಿಯಲ್ಲಿ ರಸ್ತೆ ಮುಗಿಯುತ್ತದೆ, ಖೀರ್‌ಗಂಗಾದಲ್ಲಿ ಚಹಾ ಅಂಗಡಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಪಿನ್ ಕಣಿವೆಯ ಮುಧ್ ಊರು ಸಿಗುವವರೆಗೆ ಒಂದೂ ಊರಿಲ್ಲ. ಫೋನಿಲ್ಲ. ಸ್ಯಾಟಲೈಟ್ ಫೋನು ಒಯ್ಯೋಣ ಅಂದರೆ ಸರಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಮಧ್ಯದಲ್ಲಿ ಏನಾದರೂ ಆದರೆ ಬಂದ ದಾರಿಯಲ್ಲೇ ಕಾಲೆಳೆದುಕೊಂಡು ವಾಪಸು ಬರಬೇಕು.

ಜೊತೆಗಿದ್ದವನು ನನ್ನ ಅಕ್ಕನ ಮಗ. ಆಗ ಅವನಿಗೆ 27, ಬೆಂಗಳೂರಿನಲ್ಲಿ ಕೆಲಸ. ದಿನಾ ಜಿಮ್, ವಾರಕ್ಕೊಮ್ಮೆ ನಂದಿ ಬೆಟ್ಟಕ್ಕೆ ಸೈಕಲ್. ನನ್ನ ಚೀಲವನ್ನೂ ತಾನೇ ಹೊರುತ್ತೇನೆ ಅಂದವನು. ಕರೆದುಕೊಂಡು ಹೋದ ತಂಡದವರಿಗೆ ಸರ್ಟಿಫಿಕೇಟ್ ಬೇಕಿತ್ತು. ಅದನ್ನು ಮಾಡಿಸಿ ಕೊಟ್ಟದ್ದು ನಾನೇ. ಪರಿಚಯದ ಡಾಕ್ಟರು, ನನ್ನ ಅಂಗಡಿಗೇ ಚೀಟಿ ಬರೆಯುವವರು. ರಕ್ತದೊತ್ತಡದ ಜಾಗದಲ್ಲಿ 120, 80 ಅಂತ ಬರೆದು ಸಹಿ ಹಾಕಿದರು. ಹುಡುಗ ಆ ಹೊತ್ತಿಗೆ ಬೆಂಗಳೂರಿನಲ್ಲಿ ಆಫೀಸಿನಲ್ಲಿದ್ದ. ಡಾಕ್ಟರನ್ನು ದೂರಿ ಪ್ರಯೋಜನ ಇಲ್ಲ. ಕಾಗದ ಮುಂದಿಟ್ಟವನು ನಾನು. ಈಗಲೂ ವಾರಕ್ಕೊಬ್ಬರಾದರೂ ಅಂಥ ಕಾಗದಕ್ಕೆ ಸಹಿ ಎಲ್ಲಿ ಸಿಗುತ್ತದೆ ಅಂತ ನನ್ನಲ್ಲೇ ವಿಚಾರಿಸುತ್ತಾರೆ.

ಸರ್ಟಿಫಿಕೇಟಿಗಿಂತ ದೊಡ್ಡ ತಪ್ಪು ದಿನದ ಲೆಕ್ಕದಲ್ಲಿತ್ತು. ಈ ದಾರಿಗೆ ಸಾಮಾನ್ಯವಾಗಿ ಹತ್ತು ಹನ್ನೊಂದು ದಿನ ಇಡುತ್ತಾರೆ. ನಮ್ಮದು ಎಂಟು. ಯಾಕೆ? ಅಳಿಯನಿಗೆ ಎರಡು ಶನಿವಾರ, ಭಾನುವಾರ ಸೇರಿಸಿದರೂ ಸಿಗುವ ರಜೆ ಅಷ್ಟೇ. ನನಗೆ ಅಂಗಡಿ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಗ ತಗ್ಗಿಸುವುದರಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿ ಮುಟ್ಟುವಾಗಲೇ ರಜೆಯಲ್ಲಿ ಒಂದು ಪಾಲು ಮುಗಿದಿರುತ್ತದೆ. ತಂಡದವರು ಫಿಟ್ ಇದ್ದೀರಲ್ಲ, ಎರಡು ಶಿಬಿರ ಬಿಟ್ಟು ಹೋಗೋಣ ಅಂದರು. ನಮಗೆ ಅದು ಹೊಗಳಿಕೆಯ ಹಾಗೆ ಕೇಳಿತು.

ಲೆಕ್ಕ ಹೀಗಿತ್ತು. ಮೊದಲ ರಾತ್ರಿ ಖೀರ್‌ಗಂಗಾ, ಸುಮಾರು 2,950 ಮೀಟರ್. ಎರಡನೆಯದು, ತುಂಡಾ ಭುಜ್ ಬಿಟ್ಟು ಸೀದಾ ಠಾಕುರ್ ಕುವಾನ್, ಸುಮಾರು 3,500. ಮೂರನೆಯದು, ಓಡಿ ಥಾಚ್ ಬಿಟ್ಟು ಮಾಂತಲಾಯಿ ಸರೋವರ, 4,100. ನಾಲ್ಕನೆಯದು ಹಿಮದ ಬುಡ, 4,900ರ ಹತ್ತಿರ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿ ಮಲಗಿದ ಜಾಗಕ್ಕಿಂತ ಮುಂದಿನ ರಾತ್ರಿಯದು 500 ಮೀಟರಿಗಿಂತ ಜಾಸ್ತಿ ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಅಂತ ಡಾಕ್ಟರುಗಳು ಹೇಳುವ ಲೆಕ್ಕ. ನಮ್ಮದು 550, 600, ಮತ್ತೆ 800. ನಿಲ್ಲುವ ದಿನವೇ ಇಲ್ಲ. ಹಗಲು ಎಷ್ಟು ಹತ್ತಿದೆ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದೆ ಅನ್ನುವುದೇ ಇಲ್ಲಿ ಮುಖ್ಯ.

ನಾವು ಹುಟ್ಟಿ ಬೆಳೆದದ್ದು ಕಡಲ ಬದಿಯಲ್ಲಿ, ಅಲ್ವಾ? 4,000 ಮೀಟರ್ ಮೇಲೆ ಗಾಳಿಯ ಒತ್ತಡ ಇಲ್ಲಿಯದರ ಮೂರರಲ್ಲಿ ಎರಡು ಪಾಲೂ ಇರುವುದಿಲ್ಲ. 5,300ರಲ್ಲಿ ಅರ್ಧಕ್ಕಿಂತ ಒಂಚೂರು ಜಾಸ್ತಿ ಅಷ್ಟೇ. ದೇಹ ಅದಕ್ಕೆ ಹೊಂದಿಕೊಳ್ಳುವುದು ಜೋರು ಜೋರಾಗಿ ಉಸಿರಾಡಿ. ಹಾಗೆ ಉಸಿರಾಡಿದರೆ ರಕ್ತದ ಕ್ಷಾರ ಏರುತ್ತದೆ. ಅದನ್ನು ಮೂತ್ರಪಿಂಡ ಹೊರಗೆ ಹಾಕಬೇಕು. ಆ ಕೆಲಸಕ್ಕೆ ಅದು ಕೆಲವು ದಿನ ತೆಗೆದುಕೊಳ್ಳುತ್ತದೆ. ಡಯಾಮಾಕ್ಸ್ ಮಾಡುವುದು ಆ ಕೆಲಸವನ್ನು ಸ್ವಲ್ಪ ಬೇಗ ಮಾಡಿಸುವುದನ್ನು ಮಾತ್ರ. ಅಡಿಕೆ ತೋಟದವರಿಗೆ ಹೇಳುವುದಾದರೆ ಇದು ಕೊಳೆರೋಗಕ್ಕೆ ಮಳೆಗೆ ಮುಂಚೆ ಮದ್ದು ಬಿಟ್ಟ ಹಾಗೆ. ಬೋರ್ಡೋ ಹೊಡೆದಿದ್ದೇನೆ ಅಂತ ಆಷಾಢದ ಮಳೆಯಲ್ಲಿ ತೋಟ ಮರೆತು ಕೂತರೆ ಕಾಯಿ ಉಳಿಯುತ್ತದೆಯಾ? ಹೊರಡುವ ಮುಂಚಿನ ದಿನದಿಂದ 125 ಮಿಲಿಗ್ರಾಮ್, ದಿನಕ್ಕೆ ಎರಡು ಸಲ, ಇದು ಸಾಮಾನ್ಯವಾಗಿ ಬರೆಯುವ ಪ್ರಮಾಣ. ಅಂಗಡಿಯಲ್ಲಿ ಸಿಗುವುದು 250ರ ಮಾತ್ರೆ, ಅರ್ಧ ಮಾಡಬೇಕು. ಸಲ್ಫಾ ಮದ್ದು ಆಗದವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ಬೆರಳ ತುದಿ ಜುಮುಜುಮು ಅನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ. ಚೀಟಿ ಇಲ್ಲದೆ ಮಾರುವ ಮದ್ದೂ ಅಲ್ಲ ಇದು. ನನ್ನ ಹತ್ತಿರ ಸುಮ್ನೆ ವಾದ ಮಾಡಬೇಡಿ.

ಮಾಂತಲಾಯಿಗೆ ನಾವು ಮುಟ್ಟಿದ್ದು ಸಂಜೆ. ಪಾರ್ವತಿ ನದಿ ಹುಟ್ಟುವ ಜಾಗ. ಕಲ್ಲುಗಳ ನಡುವೆ ಚಪ್ಪಟೆಯಾಗಿ ಹರಡಿದ ಬೂದು ನೀರು, ಹತ್ತಿರ ಒಂದು ತ್ರಿಶೂಲ. ಅಡುಗೆಯವನು ಅನ್ನಕ್ಕೆ ಇಟ್ಟಿದ್ದ. ಅಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಬೆಳ್ತಿಗೆಯೇ ಬೇಯುವುದಿಲ್ಲ, ಇನ್ನು ನಮ್ಮ ಕುಚ್ಚಲಕ್ಕಿಯ ಮಾತೇ ಬೇಡ. ಕೆಳಗೆ ಮಣಿಕರಣದ ಗುರುದ್ವಾರದಲ್ಲಿ ಒಲೆಯಿಲ್ಲದೆ ಬಿಸಿನೀರ ಬುಗ್ಗೆಯಲ್ಲೇ ಅನ್ನ ಬೇಯಿಸುತ್ತಾರೆ, ಇಲ್ಲಿ ಒಲೆಯಿದ್ದೂ ಬೇಯುವುದಿಲ್ಲ ಅಂತ ಅಳಿಯನಿಗೆ ಹೇಳಿ ನಗಿಸಲು ನೋಡಿದೆ. ಅವನು ನಗಲಿಲ್ಲ. ಕಲ್ಲಿನ ಮೇಲೆ ಕೂತು ಶೂ ಲೇಸು ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಇದ್ದ. ಒಂದು ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುವ ಗಂಟು. ಅವನ ಬೆರಳು ಲೇಸಿನ ಪಕ್ಕದಲ್ಲಿ ಗಾಳಿಯನ್ನು ಹಿಡಿದು ಎಳೆಯುತ್ತಿತ್ತು.

"ತಲೆನೋವು ಉಂಟಾ?" ಅಂತ ಕೇಳಿದೆ.

"ಇಲ್ಲ ಮಾವ. ನಿದ್ದೆ ಸರಿ ಆಗ್ಲಿಲ್ಲ ಅಷ್ಟೇ."

ನಾನು ಬಗ್ಗಿ ಲೇಸು ಬಿಚ್ಚಿಕೊಟ್ಟೆ. ಚಳಿಗೆ ಕೈ ಮರಗಟ್ಟಿರಬೇಕು ಅಂದುಕೊಂಡೆ. ಅಂದುಕೊಂಡೆ ಅನ್ನುವುದು ಸುಳ್ಳು. ನನಗೆ ಗೊತ್ತಾಗಿತ್ತು. ಇಪ್ಪತ್ತೈದು ವರ್ಷ ಮದ್ದು ಮಾರಿದವನು, ಎತ್ತರಕ್ಕೆ ದೇಹ ಹೊಂದದೆ ಮೆದುಳಿಗೆ ನೀರು ಇಳಿಯುವುದರ ಮೊದಲ ಗುರುತು ಕೈಕಾಲಿನ ಹಿಡಿತ ತಪ್ಪುವುದು ಅಂತ ಓದಿದವನು. ಆದರೆ ಕಟ್ಟಿದ ದುಡ್ಡು, ರೈಲಿನ ಟಿಕೆಟು, ನಾಳೆಯೊಂದು ದಿನ ದಾಟಿದರೆ ನಾಡಿದ್ದು ಮೇಲೆ ಅನ್ನುವ ಆಸೆ. ಆ ರಾತ್ರಿ ಮಾತನಾಡಲಿಲ್ಲ. ಕೋವಿಡ್ ಕಾಲದಲ್ಲಿ ಉಳಿದಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿ ನೋಡಿದೆ, ನನ್ನದಕ್ಕೂ ಅವನದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಅದನ್ನೇ ನೆಪ ಮಾಡಿಕೊಂಡು ಮಲಗಿದೆ.

ನಮ್ಮ ಕಡೆ ಸುರಂಗ ತೋಡುವವರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಗುಡ್ಡಕ್ಕೆ ಅಡ್ಡ ಕೊರೆಯುತ್ತ ನೀರು ಹುಡುಕಿಕೊಂಡು ಒಳಗೆ ಹೋಗುವಾಗ ಒಂದು ದೀಪವೋ ಮೇಣದ ಬತ್ತಿಯೋ ಇಟ್ಟುಕೊಳ್ಳುತ್ತಾರೆ. ದೀಪ ಮಂಕಾದರೆ ಹಾರೆ ಅಲ್ಲಿಯೇ ಬಿಟ್ಟು ಹೊರಗೆ ಬರುತ್ತಾರೆ. ಇನ್ನೊಂದು ಕೋಲಿನಷ್ಟು ತೋಡಿದರೆ ನೀರು ಸಿಕ್ಕೀತು ಅಂತ ಆಗ ಲೆಕ್ಕ ಹಾಕುವುದಿಲ್ಲ. ನಮ್ಮ ತೋಟದ ಸುರಂಗ ತೋಡಿದವನು ಮಧ್ಯಾಹ್ನ ಎದ್ದು ಬಂದು ಇವತ್ತು ಸಾಕು ಅಂದದ್ದು ನೆನಪಿದೆ. ಅಪ್ಪ ಒಂದು ಮಾತೂ ಕೇಳದೆ ದಿನದ ಕೂಲಿ ಪೂರ್ತಿ ಕೊಟ್ಟಿದ್ದರು. ಮಾಂತಲಾಯಿಯಲ್ಲಿ ಆ ಲೇಸು ನನ್ನ ಎದುರಿಗೇ ಮಂಕಾದ ದೀಪ. ನಾನು ಊದಿ ಊದಿ ಉರಿಸಲು ನೋಡಿದೆ.

ಬೆಳಿಗ್ಗೆ ಅವನನ್ನು ನೇರ ಗೆರೆಯಲ್ಲಿ ನಡೆಸಿದೆ. ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗಿಸಿ ಹತ್ತು ಹೆಜ್ಜೆ. ನಾಲ್ಕನೆಯ ಹೆಜ್ಜೆಗೆ ಪಕ್ಕಕ್ಕೆ ವಾಲಿದ. ತಲೆನೋವು ಎರಡು ದಿನದಿಂದ ಇತ್ತು ಅಂತ ಆಗ ಒಪ್ಪಿಕೊಂಡ. ನಿಮ್ಮ ಟ್ರಿಪ್ ಹಾಳಾಗುವುದು ಬೇಡ ಅಂತ ಹೇಳಲಿಲ್ಲ ಮಾವ ಅಂದ. ತಂಡದ ನಾಯಕ ಮೇಲಿನ ಶಿಬಿರಕ್ಕೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲಿ ಅಂದ. ಅಲ್ಲಿ ನಾನು ಗಟ್ಟಿಯಾಗಿ ಮಾತನಾಡಿದೆ. ಪೆಟ್ಟಿಗೆಯಲ್ಲಿದ್ದ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟೆ. ಅದು ಇಳಿಯುವುದಕ್ಕೆ ಸ್ವಲ್ಪ ಹೊತ್ತು ಕೊಡಿಸುವ ಮದ್ದು, ಹತ್ತುವುದಕ್ಕಲ್ಲ. ಉಳಿದವರು ಮೇಲೆ ಹೋದರು. ನಾವಿಬ್ಬರು, ಜೊತೆಗೆ ನೇಪಾಳದ ಒಬ್ಬ ಹೊರೆಯಾಳು, ಕೆಳಗೆ ಇಳಿದೆವು.

ಪಾಂಡು ಪುಲ್ ಅಂತ ಒಂದು ಕಡೆ ಇದೆ. ನದಿಗೆ ಅಡ್ಡಲಾಗಿ ಬಿದ್ದ ದೊಡ್ಡ ಬಂಡೆಯೇ ಸೇತುವೆ, ಪಾಂಡವರು ಇಟ್ಟದ್ದು ಅನ್ನುತ್ತಾರೆ. ಹೋಗುವಾಗ ಅಳಿಯ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದ. ಬರುವಾಗ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಕೂತುಕೊಂಡು, ಕುಂಡೆ ಎಳೆಯುತ್ತ ಇಳಿದ. ಕೆಳಗೆ ನೀರಿನ ಅಬ್ಬರಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಆ ಹೊರೆಯಾಳು ಅವನ ಎರಡು ಪಾದವನ್ನೂ ಒಂದೊಂದಾಗಿ ಕೈಯಲ್ಲಿ ಹಿಡಿದು ಬಂಡೆಯ ಹೆಜ್ಜೆಗೆ ಇಟ್ಟ, ಮಗುವಿಗೆ ಇಡುವ ಹಾಗೆ. ಹೊರೆಯಾಳಿನ ಕಾಲಿನಲ್ಲಿ ಇದ್ದದ್ದು ರಬ್ಬರ್ ಶೂ, ಬದಿ ಹರಿದು ದಾರದಲ್ಲಿ ಹೊಲಿದದ್ದು. ನಮ್ಮ ಇಬ್ಬರ ಶೂಗಳ ಬೆಲೆ ಹೇಳಲು ನಾಚಿಕೆಯಾಗುತ್ತದೆ. ತಂಡ ಆರಿಸುವಾಗ ಹೊರೆಯಾಳುಗಳಿಗೆ ಏನು ಕೊಡುತ್ತೀರಿ ಅಂತಲೂ ಕೇಳಿ. ಅದಕ್ಕೆ ಉತ್ತರಿಸಲು ತಡವರಿಸುವವರು ನಿಮ್ಮನ್ನೂ ಅಷ್ಟರಲ್ಲೇ ನೋಡುತ್ತಾರೆ.

ಠಾಕುರ್ ಕುವಾನ್ ತಲುಪಿ ಒಂದು ರಾತ್ರಿ ಕಳೆದ ಮೇಲೆ ಹುಡುಗ ತಾನೇ ಲೇಸು ಕಟ್ಟಿಕೊಂಡ. ಯಾವ ಮದ್ದೂ ಮಾಡದ ಕೆಲಸವನ್ನು ಆರು ನೂರು ಮೀಟರ್ ಇಳಿತ ಮಾಡಿತ್ತು. ಊರಿಗೆ ಬಂದು ಅಕ್ಕನಿಗೆ ಮಳೆ ಜಾಸ್ತಿ ಇತ್ತು, ವಾಪಸು ಬಂದೆವು ಅಂತ ಹೇಳಿದೆವು. ಈ ಪತ್ರ ಅಚ್ಚಾದರೆ ಅಕ್ಕನಿಗೆ ನಿಜ ಗೊತ್ತಾಗುತ್ತದೆ. ಆಗಲಿ.

ನಾನು ಮತ್ತೆ ಹೋದೆ. 2023ರ ಜುಲೈಯಲ್ಲಿ ಕುಲ್ಲು ಜಿಲ್ಲೆಯಲ್ಲಿ ಪ್ರವಾಹ ಬಂದು ರಸ್ತೆಗಳೇ ಕೊಚ್ಚಿಹೋದವು, ಆ ವರ್ಷ ಟಿಕೆಟ್ ರದ್ದು ಮಾಡಿದೆ. 2024ರ ಸೆಪ್ಟೆಂಬರಿನಲ್ಲಿ 11 ದಿನದ ಲೆಕ್ಕ ಹಾಕಿ, ಮೇಲೆ ಒಂದು ದಿನ ಕೈಯಲ್ಲಿಟ್ಟುಕೊಂಡು ಹೊರಟೆ. ಖೀರ್‌ಗಂಗಾದಲ್ಲಿ ಎರಡು ರಾತ್ರಿ. ತುಂಡಾ ಭುಜ್, ಠಾಕುರ್ ಕುವಾನ್, ಓಡಿ ಥಾಚ್, ಒಂದೂ ಬಿಡಲಿಲ್ಲ. ಮಾಂತಲಾಯಿಯಲ್ಲಿ ಮತ್ತೆ ಎರಡು ರಾತ್ರಿ. ನಡುವಿನ ಹಗಲು ಸುಮ್ನೆ ಕೂರಲಿಲ್ಲ, ಮೇಲೆ ಒಂದಷ್ಟು ಹತ್ತಿ ಇಳಿದು ಬಂದು ಮಲಗಿದೆವು. ಹಿಮದ ಮೇಲೆ ಕತ್ತಲಿರುವಾಗಲೇ ಹೊರಡಬೇಕು, ಬಿಸಿಲು ಏರಿದರೆ ಮೇಲ್ಪದರ ಮೆತ್ತಗಾಗುತ್ತದೆ, ಅಡಿಯಲ್ಲಿ ಬಿರುಕು ಎಲ್ಲಿದೆ ಅಂತ ಕಾಣುವುದಿಲ್ಲ. ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆದೆವು. ಮೇಲೆ ನಿಂತದ್ದು ಎಷ್ಟು ಹೊತ್ತು ಅಂತ ಕೇಳಿದರೆ ಒಂದು ಬೀಡಿ ಸೇದುವಷ್ಟು. ಬೀಡಿ ಯಾರೂ ಸೇದಲಿಲ್ಲ ಬಿಡಿ. ಕಾಲಿನ ತಯಾರಿಗೆ ನಾನು ಮಾಡಿದ್ದು ವಾರಕ್ಕೆ ಎರಡು ದಿನ ಹತ್ತು ಕಿಲೋ ಅಡಿಕೆ ಚೀಲ ಬೆನ್ನಿಗೆ ಹಾಕಿ ಪೊಸಡಿ ಗುಂಪೆ ಹತ್ತಿ ಇಳಿದದ್ದು. ಹತ್ತುವುದಕ್ಕಿಂತ ಇಳಿಯುವುದನ್ನೇ ಜಾಸ್ತಿ ಮಾಡಿದೆ, ಮಂಡಿಗೆ ಪೆಟ್ಟು ಬೀಳುವುದು ಅಲ್ಲಿ. ಶೂ ಎರಡು ತಿಂಗಳು ಮೊದಲೇ ತಂದು ಅಂಗಡಿಯಲ್ಲೂ ಅದನ್ನೇ ಹಾಕಿಕೊಂಡು ನಿಂತೆ. ಗಿರಾಕಿಗಳು ನಕ್ಕರು. ತಯಾರಿ ಅಂದರೆ ಅಷ್ಟೇ. ಉಳಿದದ್ದೆಲ್ಲ ದಿನದ ಲೆಕ್ಕ.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡದಲ್ಲಿ ಒಂಬತ್ತು ಜನ ತೀರಿಕೊಂಡದ್ದು ನಿಮ್ಮ ಪತ್ರಿಕೆಯಲ್ಲೇ ಓದಿದೆ. ಅವರಲ್ಲಿ ಬೆಟ್ಟದ ಅನುಭವ ನನಗಿಂತ ಎಷ್ಟೋ ಜಾಸ್ತಿ ಇದ್ದವರೂ ಇದ್ದರು. ಅದು ಗಾಳಿ, ಹಿಮದ ಕತೆ, ನನ್ನದು ಬೇರೆ. ಅವರ ತಪ್ಪು ಹುಡುಕುವ ಯೋಗ್ಯತೆ ನನಗಿಲ್ಲ. ಆದರೆ ಆ ಸುದ್ದಿ ಬಂದ ವಾರವೂ ನನ್ನ ಅಂಗಡಿಯಲ್ಲಿ ಡಯಾಮಾಕ್ಸ್ ಕೇಳಿದವರು ಕಡಿಮೆಯಾಗಲಿಲ್ಲ. ಯಾರೂ ಎಷ್ಟು ದಿನದ ಪ್ರಯಾಣ ಒಳ್ಳೆಯದು ಅಂತ ಕೇಳಲೂ ಇಲ್ಲ.

ಈಗ ನಾನು ಒಂದು ಕೆಲಸ ಮಾಡುತ್ತೇನೆ. ಚೀಟಿ ತಂದರೂ ಮಾತ್ರೆ ಕೊಡುವ ಮೊದಲು ಅವರ ಪ್ರಯಾಣದ ಪಟ್ಟಿ ತೋರಿಸಿ ಅನ್ನುತ್ತೇನೆ. ಮಲಗುವ ಜಾಗಗಳ ಎತ್ತರವನ್ನು ಬಿಲ್ಲಿನ ಹಿಂದೆ ಒಂದರ ಕೆಳಗೆ ಒಂದು ಬರೆದು ಕಳೆಯುತ್ತೇನೆ. 500 ದಾಟಿದ ಕಡೆ ಕೆಂಪು ಪೆನ್ನಿನಲ್ಲಿ ಗೀಟು. ಕೆಲವರಿಗೆ ಇದು ಕಿರಿಕಿರಿ. ನಿಮ್ಮ ಪುರವಣಿಯವರೂ ಶೂ, ಜಾಕೆಟಿನ ಜೊತೆಗೆ ಇಂಥ ಒಂದು ಲೆಕ್ಕ ಅಚ್ಚು ಹಾಕಿದರೆ ನನ್ನ ಕೆಂಪು ಪೆನ್ನಿನ ಖರ್ಚು ಉಳಿಯುತ್ತದೆ. ಒಬ್ಬರಿಗೆ ಹುಷಾರಿಲ್ಲದಿದ್ದರೆ ಅವರ ಜೊತೆ ಯಾರು ಇಳಿಯುತ್ತಾರೆ ಅಂತ ರೈಲು ಹತ್ತುವ ಮೊದಲೇ ಗೊತ್ತು ಮಾಡಿಕೊಳ್ಳಿ ಅಂತಲೂ ಸೇರಿಸಿ. ಮೇಲೆ ಹೋದ ಮೇಲೆ ಆ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ.

ಸೋಮವಾರ ಬಂದ ಇಬ್ಬರ ಪಟ್ಟಿಯಲ್ಲಿ ಮೂರು ಕೆಂಪು ಗೀಟು ಬಿದ್ದಿತ್ತು. ಒಬ್ಬ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡ. ಇನ್ನೊಬ್ಬ ಇವರ ಹತ್ತಿರ ಬೇಡ, ಕುಂಬಳೆಯಲ್ಲಿ ಸಿಗ್ತದೆ ಅಂತ ಬೈಕ್ ಹತ್ತಿದ. ಮುಂದಿನ ಶುಕ್ರವಾರದ ಮಂಗಳಾ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿದೆಯಂತೆ. ಅದಕ್ಕೆ ಮೊದಲು ಈ ಪತ್ರ ಹಾಕಿದರೆ ಉಪಕಾರ.

ಇತಿ,
ಒಬ್ಬ ಮದ್ದಿನ ಅಂಗಡಿಯವ
ಪೆರ್ಲ, ಕಾಸರಗೋಡು ಜಿಲ್ಲೆ